ಅವ್ವನ ಕಾಗದಗಳು ಮನೆಗೆ ಬಂದ ಹದಿನಾರು ದಿನ

ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಅಮೆರಿಕದಲ್ಲಿದ್ದ ಕಿರಿಮಗನಿಗೆ ಹದಿನೈದು ವರ್ಷ ಬಿಡದೆ ಕಾಗದ ಬರೆಸಿದಳು. ಅವಳು ಕಂಬಕ್ಕೆ ಒರಗಿ ಕೂತು ಹೇಳುತ್ತಿದ್ದಳು, ನಾನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೆ. ಇ-ಮೇಲ್ ಎಂಬ ಮಾತು ಅವಳ ಬಾಯಿಗೆ ಹತ್ತಲೇ ಇಲ್ಲ. "ಬಾ, ಮಗೀಗೊಂದು ಕಾಗ್ದ ಹಾಕು" ಎಂದೇ ಕೊನೆತನಕ ಕರೆದಳು. ನಾನು ವಾಕ್ಯ ತಿದ್ದಲು ಹೋದರೆ ಸಿಟ್ಟಾಗುತ್ತಿದ್ದಳು. "ನಾನ್ ಹೇಳ್ದಂಗೆ ಬರಿ, ಮೇಷ್ಟ್ರ ಕನ್ನಡ ಮಾಡ್ಬೇಡ" ಎನ್ನುತ್ತಿದ್ದಳು. ಹಾಗಾಗಿ ಆ ಕಾಗದಗಳಲ್ಲಿ ಇರುವುದು ಅವಳ ಮಾತು, ಅವಳ ಉಸಿರು. ನಮ್ಮ ಮನೆಯಲ್ಲಿ ಅವಳ ದನಿಯ ರೆಕಾರ್ಡು ಒಂದೂ ಇಲ್ಲ. ಇರುವುದು ಇಷ್ಟೇ.

ಹಾಸನದಿಂದ ಬೆಂಗಳೂರು ರಸ್ತೆ ಹಿಡಿದರೆ ಸಿಗುವ ಶಾಂತಿಗ್ರಾಮ ನಮ್ಮ ಹೋಬಳಿ ಕೇಂದ್ರ. ಅಲ್ಲಿಂದ ಎರಡು ಮೈಲಿ ಒಳಗೆ ನಮ್ಮ ಊರು. 2024ರ ಏಪ್ರಿಲ್ 28ರಿಂದ ಮೇ 13ರವರೆಗೆ ಆ ಕಾಗದಗಳನ್ನು ಇ-ಮೇಲ್ ಖಾತೆಯಿಂದ ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳಲು ನಾನು ಪಟ್ಟ ಪಾಡನ್ನು ನಡೆದದ್ದು ನಡೆದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೊರದೇಶಕ್ಕೆ ಹೋದ ಮಕ್ಕಳು, ಊರಲ್ಲೇ ಉಳಿದ ತಂದೆತಾಯಿಗಳು ಆಡಿಕೊಂಡ ಮಾತು ಹೀಗೇ ಯಾವುದೋ ಖಾತೆಯೊಳಗೆ ಉಳಿದುಕೊಂಡಿದೆ. ಅಂಥವರಿಗೆ ಇದು ಉಪಯೋಗಕ್ಕೆ ಬರಲಿ.

ಮೊದಲು ಕಳೆದುಕೊಂಡದ್ದನ್ನು ಹೇಳಬೇಕು. ನನ್ನ ತಮ್ಮ ಹಾಸನದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 2001ರಲ್ಲಿ ಟೆಕ್ಸಾಸಿಗೆ ಹೋದ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. 2003ರಲ್ಲಿ ಸಾಲ ಮಾಡಿ ಕಂಪ್ಯೂಟರ್ ತಂದೆ. ಟೆಲಿಫೋನ್ ತಂತಿಯಲ್ಲಿ ಇಂಟರ್‌ನೆಟ್, ಅದರ ಜೊತೆಗೇ ಒಂದು ಇ-ಮೇಲ್ ಖಾತೆ. ಆ ಖಾತೆಯ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದದ್ದು ಬರೀ 5 ಎಂಬಿ. ಈಗಿನ ಫೋನಿನಲ್ಲಿ ತೆಗೆದ ಎರಡು ಫೋಟೊ ಹಾಕಿದರೆ ತುಂಬಿಹೋಗುತ್ತದೆ. ಹಾಸನದಿಂದ ಬಂದ ಒಬ್ಬ ಹುಡುಗ ಕಂಪ್ಯೂಟರಿನಲ್ಲಿದ್ದ ಮೇಲ್ ತಂತ್ರಾಂಶಕ್ಕೆ ಆ ಖಾತೆಯನ್ನು ಜೋಡಿಸಿಕೊಟ್ಟು ಹೋದ. ತಮ್ಮ 'ಬರಹ' ತಂತ್ರಾಂಶದಲ್ಲಿ ಕನ್ನಡದಲ್ಲೇ ಬರೆದು ಕಳಿಸುತ್ತಿದ್ದ. ನಾನು ಓದಿ ಹೇಳುತ್ತಿದ್ದೆ, ಅವ್ವ ಉತ್ತರ ಹೇಳುತ್ತಿದ್ದಳು.

ಆ ಹುಡುಗ ಜೋಡಿಸಿದ್ದು 'ಪಾಪ್' ಎಂಬ ವಿಧಾನದಲ್ಲಿ. ಅದು 1984ರಲ್ಲಿ ಹುಟ್ಟಿದ್ದು. ಸರ್ವರಿನಲ್ಲಿ ಬಂದು ಕೂತ ಮೇಲ್‌ಗಳನ್ನು ನಮ್ಮ ಕಂಪ್ಯೂಟರಿಗೆ ಇಳಿಸಿ, ಅಲ್ಲಿದ್ದದ್ದನ್ನು ಅಳಿಸಿಬಿಡುವುದು ಅದರ ಹಳೆಯ ರೂಢಿ. 'ಸರ್ವರಿನಲ್ಲಿ ಒಂದು ಪ್ರತಿ ಇರಲಿ' ಎಂದು ಗುರುತು ಹಾಕಲು ಒಂದು ಚಿಕ್ಕ ಚೌಕ ಇರುತ್ತದೆ. ನಮ್ಮದರಲ್ಲಿ ಗುರುತು ಹಾಕಿರಲಿಲ್ಲ. 5 ಎಂಬಿ ಪೆಟ್ಟಿಗೆ ತುಂಬಿ ಮೇಲ್ ವಾಪಸ್ ಹೋಗಬಾರದೆಂದು ಅವನು ಹಾಗೆ ಮಾಡಿರಬಹುದು. ಅವನನ್ನು ದೂರುವುದಿಲ್ಲ. ಆ ಚೌಕದ ಅರ್ಥವನ್ನು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಏಳು ವರ್ಷದ ಕಾಗದಗಳು ಇಡೀ ಪ್ರಪಂಚದಲ್ಲಿ ನಮ್ಮ ಮನೆಯ ಒಂದು ಹಾರ್ಡ್‌ಡಿಸ್ಕಿನಲ್ಲಿ ಮಾತ್ರ ಇದ್ದವು ಎಂಬುದು ನನಗೆ ಗೊತ್ತೇ ಇರಲಿಲ್ಲ.

2010ರ ಭರಣಿ ಮಳೆಯಲ್ಲಿ ಸಿಡಿಲು ಟೆಲಿಫೋನ್ ತಂತಿ ಹಿಡಿದು ಒಳಗೆ ಬಂತು. ಮೋಡೆಮ್ ಕರಕಲಾಯಿತು. ಹಾರ್ಡ್‌ಡಿಸ್ಕ್ ಮತ್ತೆ ತಿರುಗಲಿಲ್ಲ. ಹಾಸನದಲ್ಲಿ ಎರಡು ಅಂಗಡಿಗೆ ಹೊತ್ತುಕೊಂಡು ಹೋದೆ, ಇಬ್ಬರೂ ಕೈಚೆಲ್ಲಿದರು. ತಮ್ಮನ ಹತ್ತಿರ ಪ್ರತಿ ಇರಬಹುದೆಂದು ಕೇಳಿದೆ. ಅವನು ಬಳಸುತ್ತಿದ್ದದ್ದು ಆಫೀಸಿನ ಖಾತೆ. ಕೆಲಸ ಬದಲಾದ ದಿನವೇ ಅದು ಮುಚ್ಚಿಹೋಗಿತ್ತು. ಅವ್ವನಿಗೆ ಹೇಳಿದೆ. "ಎಲ್ಲಾನೂ ಸುಟ್ಟೋಯ್ತಾ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಪ್ಪ ತೀರ್ಕಂಡಾಗ ಅವ್ನು ಬರ್ದಿದ್ದ ಕಾಗ್ದಾನೂವಾ?" ಎಂದು ಕೇಳಿದಳು. ಹೌದು ಎಂದೆ. ಅವತ್ತು ಅವಳು ಊಟ ಮಾಡಲಿಲ್ಲ.

ಆಮೇಲೆ ಬೇರೆ ಒಂದು ದೊಡ್ಡ ಕಂಪನಿಯಲ್ಲಿ ಉಚಿತ ಖಾತೆ ತೆರೆದು ಬ್ರೌಸರಿನಲ್ಲೇ ಬರೆಯತೊಡಗಿದೆ. 2018ರಲ್ಲಿ ಅವ್ವ ತೀರಿಕೊಂಡಳು. ತಮ್ಮ, ನಾನು ಫೋನಿನಲ್ಲಿ ಮಾತಾಡಿಕೊಳ್ಳುತ್ತೇವೆ, ಹಾಗಾಗಿ ಆ ಖಾತೆ ತೆರೆಯುವ ಕೆಲಸವೇ ಬೀಳಲಿಲ್ಲ. 2023ರ ಕೊನೆಯಲ್ಲಿ, ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸಿಹಾಕುತ್ತಾರಂತೆ ಎಂಬ ಸುದ್ದಿಯನ್ನು ಪೇಪರಿನಲ್ಲಿ ಓದಿದೆ. ಎದೆ ಧಸಕ್ಕೆಂದಿತು. ಅವತ್ತು ರಾತ್ರಿಯೇ ಬೆಂಗಳೂರಿನಲ್ಲಿರುವ ಮಗಳಿಗೆ ಪಾಸ್‌ವರ್ಡ್ ಹೇಳಿ, ಅವಳ ಫೋನಿನಲ್ಲಿ ಖಾತೆ ತೆರೆಸಿದೆ. "ಅಪ್ಪಾಜಿ, ಎಲ್ಲಾ ಇದೆ, ಅಜ್ಜಿ ಕಾಗದ ಎಲ್ಲಾ ಹಂಗೇ ಇದೆ" ಎಂದಳು. ಇದೆ ನಿಜ. ಆದರೆ ಎಲ್ಲೋ ಇದೆ, ಯಾರದೋ ಸುಪರ್ದಿನಲ್ಲಿದೆ. ಅವತ್ತೇ ತೀರ್ಮಾನ ಮಾಡಿದೆ, ಒಂದು ಪ್ರತಿ ನಮ್ಮ ಮನೆಯಲ್ಲಿರಬೇಕು.

ಯುಗಾದಿಗೆ ಬಂದ ಮಗಳು ನನ್ನ ಕಂಪ್ಯೂಟರಿಗೆ ಥಂಡರ್‌ಬರ್ಡ್ ಹಾಕಿಕೊಟ್ಟಳು. ಅದು ಉಚಿತ ಮೇಲ್ ತಂತ್ರಾಂಶ, ಮೊದಲ ಆವೃತ್ತಿ 2004ರ ಡಿಸೆಂಬರಿನಲ್ಲಿ ಬಂದದ್ದು. ಖಾತೆ ಜೋಡಿಸುವಷ್ಟರಲ್ಲಿ ಅವಳ ಬಸ್ಸಿನ ಹೊತ್ತಾಯಿತು. "ಹೆಸರು, ವಿಳಾಸ, ಪಾಸ್‌ವರ್ಡ್ ಕೊಟ್ಟರೆ ಉಳಿದದ್ದನ್ನು ಅದೇ ಹುಡುಕಿಕೊಳ್ಳುತ್ತೆ ಅಪ್ಪಾಜಿ. ಪಾಪ್ ಬೇಡ, ಐಮ್ಯಾಪ್ ಆರಿಸಿ" ಎಂದು ಹೇಳಿ ಹೋದಳು. ಐಮ್ಯಾಪ್ ಎಂಬುದು ಮಾರ್ಕ್ ಕ್ರಿಸ್ಪಿನ್ ಎಂಬುವರು 1986ರಲ್ಲಿ ರೂಪಿಸಿದ ವಿಧಾನ. ಮೇಲ್‌ಗಳು ಸರ್ವರಿನಲ್ಲೇ ಇರುತ್ತವೆ, ನಮ್ಮ ಕಂಪ್ಯೂಟರ್ ಅದರ ಕನ್ನಡಿಯಂತೆ ಇರುತ್ತದೆ. ಈ ಕನ್ನಡಿಯ ಮಾತನ್ನು ಮುಂದೆ ಮತ್ತೆ ಹೇಳುತ್ತೇನೆ.

ಏಪ್ರಿಲ್ 28, ಭಾನುವಾರ. ಮನೆಯೊಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಫೋನನ್ನು ಕಿಟಕಿಯ ಸರಳಿಗೆ ಆನಿಸಿಟ್ಟು ಹಾಟ್‌ಸ್ಪಾಟ್ ಹಾಕಿಕೊಂಡು ಕೂತೆ. ಹೆಸರು, ವಿಳಾಸ, ಪಾಸ್‌ವರ್ಡ್ ಕೊಟ್ಟೆ. ಸ್ವಲ್ಪ ಹೊತ್ತು ಹುಡುಕಿ, ಈ ಖಾತೆಯ ವಿವರ ಸಿಗಲಿಲ್ಲ ಎಂದಿತು. ಮತ್ತೆ ಕೊಟ್ಟೆ, ಅದೇ ಉತ್ತರ. ಆಗ ಕೈಯಾರೆ ತುಂಬುವ ಪುಟ ತೆರೆದೆ. ಮಗಳು ವಾಟ್ಸಾಪಿನಲ್ಲಿ ಕಳಿಸಿದ ಸಂಖ್ಯೆಗಳನ್ನು ಕ್ಯಾಲೆಂಡರಿನ ಬೆನ್ನಿಗೆ ದೊಡ್ಡದಾಗಿ ಬರೆದುಕೊಂಡೆ. ಮೇಲ್ ಬರುವುದಕ್ಕೆ ಐಮ್ಯಾಪ್, ಪೋರ್ಟ್ 993. ಕಳಿಸುವುದಕ್ಕೆ ಎಸ್‌ಎಂಟಿಪಿ, ಪೋರ್ಟ್ 465. ಎರಡಕ್ಕೂ ಎಸ್‌ಎಸ್‌ಎಲ್ ಭದ್ರತೆ. ಬಳಕೆದಾರನ ಹೆಸರಿನ ಜಾಗದಲ್ಲಿ ಪೂರ್ತಿ ವಿಳಾಸ. ಒಂದೊಂದನ್ನೂ ಬೆರಳಿಟ್ಟು ನೋಡಿ ತುಂಬಿದೆ. ಸರ್ವರಿನ ಪ್ರಮಾಣಪತ್ರ ಸರಿಯಿಲ್ಲ ಎಂದು ಹೇಳಿ ಸಂಪರ್ಕ ಕಡಿದುಹೋಯಿತು.

ಮೂರು ದಿನ ಇದೇ ಆಯಿತು. ಸಿಗ್ನಲ್ಲಿನ ತೊಂದರೆ ಎಂದುಕೊಂಡು ತಾರಸಿಗೆ ಹೋದೆ, ಬೇರೆ ಸಿಮ್ ಹಾಕಿದೆ. ಬಿಸಿಲು ಜಾಸ್ತಿಯಾಗಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಯುಪಿಎಸ್‌ನ ಬ್ಯಾಟರಿ ಸತ್ತು ವರ್ಷವಾಗಿತ್ತು. ಮೂರನೇ ದಿನ ರಾತ್ರಿ ಮಗಳು ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, "ಅಪ್ಪಾಜಿ, ಸ್ಕ್ರೀನಿನ ಬಲಗಡೆ ಕೆಳಗೆ ತಾರೀಖು ಎಷ್ಟಿದೆ ನೋಡಿ" ಎಂದಳು. ನೋಡಿದೆ. 2015, ಜನವರಿ 1 ಎಂದಿತ್ತು.

ಅಲ್ಲಿತ್ತು ರೋಗದ ಬೇರು. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ಎಂಟಾಣೆಯಗಲದ ಒಂದು ಸೆಲ್ ಇರುತ್ತದೆ. ಕರೆಂಟು ಇಲ್ಲದಾಗ ಒಳಗಿನ ಗಡಿಯಾರವನ್ನು ಅದೇ ನಡೆಸುತ್ತದೆ. ಅದು ಸತ್ತರೆ ಕರೆಂಟು ಹೋದಾಗಲೆಲ್ಲ ಗಡಿಯಾರ ಹಳೆಯ ಯಾವುದೋ ತಾರೀಖಿಗೆ ಹಿಂದಿರುಗುತ್ತದೆ. ಸರ್ವರಿನ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಇರುತ್ತದೆ. ಇದು 2015 ಎಂದು ನಂಬಿದ ಕಂಪ್ಯೂಟರಿಗೆ 2024ರ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲ. ಅದಕ್ಕೇ ಬಾಗಿಲು ತೆಗೆಯಲಿಲ್ಲ. ಸಂಖ್ಯೆಗಳೆಲ್ಲ ಸರಿಯಿದ್ದವು, ಸಿಗ್ನಲ್ಲೂ ಸರಿಯಿತ್ತು.

ಮೇ 2ರಂದು ಬಸ್ಸು ಹತ್ತಿ ಹಾಸನಕ್ಕೆ ಹೋಗಿ ವಾಚ್ ರಿಪೇರಿ ಅಂಗಡಿಯಲ್ಲಿ ಸಿಆರ್2032 ಸೆಲ್ ತಂದೆ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದೆ. ಒಳಗೆ ಬೆರಳುದ್ದ ಧೂಳು. ಕುಂಚದಿಂದ ಮೆಲ್ಲಗೆ ತೆಗೆದೆ. ಸೆಲ್ಲಿನ ಪಕ್ಕದ ಚಿಕ್ಕ ಕೊಂಡಿಯನ್ನು ಉಗುರಿನಿಂದ ಒತ್ತಿದಾಗ ಹಳೆಯದು ಚಿಮ್ಮಿ ಮೇಲೆ ಬಂತು. ಕೂಡಿಸುವ ಗುರುತು ಮೇಲಕ್ಕೆ ಬರುವ ಹಾಗೆ ಹೊಸದನ್ನು ಕೂರಿಸಿದೆ. ಕಂಪ್ಯೂಟರ್ ಹಚ್ಚಿ, ತಾರೀಖು, ವೇಳೆ ತಿದ್ದಿ, ಬೇಕೆಂದೇ ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಮತ್ತೆ ಹಚ್ಚಿದೆ. ತಾರೀಖು ನಿಂತಿತ್ತು. ದೇವರಿಗೆ ಕೈ ಮುಗಿದೆ.

ಆ ಖುಷಿಯಲ್ಲೇ ದೊಡ್ಡ ತಪ್ಪು ಮಾಡಿದೆ. ನಾನು ಕೈಯಾರೆ ತುಂಬಿದ್ದ ಖಾತೆಯನ್ನು ಅಳಿಸಿ ಹೊಸದಾಗಿ ಶುರು ಮಾಡಬೇಕಿತ್ತು. ಹಳೆಯದರಲ್ಲೇ ಮುಂದುವರಿದೆ. ಅದರಲ್ಲಿ ದೃಢೀಕರಣದ ಜಾಗದಲ್ಲಿ 'ಸಾಮಾನ್ಯ ಪಾಸ್‌ವರ್ಡ್' ಎಂದಿತ್ತು. ಈಗ ಸರ್ವರ್ ಸಿಕ್ಕಿತು, ಆದರೆ ಪಾಸ್‌ವರ್ಡ್ ತಪ್ಪು ಎಂದಿತು. ತಪ್ಪಿರಲಿಲ್ಲ, ಹದಿನಾಲ್ಕು ವರ್ಷದಿಂದ ಬಾಯಿಗೆ ಬಂದ ಪಾಸ್‌ವರ್ಡ್ ಅದು. ಮತ್ತೆ ಹೊಡೆದೆ. ದೊಡ್ಡಕ್ಷರ ಸಣ್ಣಕ್ಷರ ನೋಡಿ ಮತ್ತೆ ಹೊಡೆದೆ. ಹತ್ತು ಸಲವಾದರೂ ಹೊಡೆದಿರಬೇಕು. ಬ್ರೌಸರಿನಲ್ಲಿ ನೋಡೋಣ ಎಂದು ಹೋದರೆ, ಸಂಶಯ ಬರುವಂಥ ಪ್ರಯತ್ನಗಳು ನಡೆದಿವೆ, ನೀವೇ ಖಾತೆದಾರರೆಂದು ಸಾಬೀತು ಮಾಡಿ ಎಂಬ ಪುಟ ಬಂತು.

ಕಾರಣ ಆಮೇಲೆ ತಿಳಿಯಿತು. 2022ರಿಂದ ಈಚೆಗೆ ದೊಡ್ಡ ಮೇಲ್ ಕಂಪನಿಗಳು ಒಂದೊಂದಾಗಿ ಇಂಥ ತಂತ್ರಾಂಶಗಳಿಂದ ಬರುವ ಸಾಮಾನ್ಯ ಪಾಸ್‌ವರ್ಡನ್ನು ಒಪ್ಪುವುದನ್ನು ನಿಲ್ಲಿಸಿವೆ. ಕಳ್ಳರು ಕದ್ದ ಪಾಸ್‌ವರ್ಡುಗಳನ್ನು ಹಿಡಿದು ಈ ದಾರಿಯಲ್ಲೇ ನುಗ್ಗುತ್ತಿದ್ದರು. ನಿಯಮ ಸರಿಯಾದದ್ದೇ. ಆದರೆ 'ಈ ದಾರಿ ಮುಚ್ಚಿದೆ, ಆ ದಾರಿಯಲ್ಲಿ ಬಾ' ಎನ್ನುವ ಬದಲು 'ಪಾಸ್‌ವರ್ಡ್ ತಪ್ಪು' ಎಂದು ಹೇಳಿದರೆ ನಮ್ಮಂಥವರು ಏನು ಮಾಡಬೇಕು? ಮತ್ತೆ ಮತ್ತೆ ಹೊಡೆಯುತ್ತೇವೆ. ಹೊಡೆದಷ್ಟೂ ಕಳ್ಳರಂತೆ ಕಾಣುತ್ತೇವೆ.

ಸಾಬೀತು ಮಾಡಲು ಒಂದು ಮೊಬೈಲ್ ನಂಬರಿಗೆ ಸಂಕೇತ ಕಳಿಸುತ್ತೇವೆ ಎಂದಿತು. ಕೊನೆಯ ಎರಡು ಅಂಕಿ ನೋಡಿದರೆ ಅದು ಅವ್ವನ ಕೈಗೆ ಕೊಟ್ಟಿದ್ದ ಸಣ್ಣ ಫೋನಿನ ನಂಬರು. ಅವಳು ಹೋದ ಮೇಲೆ ಕರೆನ್ಸಿ ಹಾಕದೆ ಆ ಸಿಮ್ ನಿಂತುಹೋಗಿತ್ತು. ಇಲ್ಲವೇ ಇನ್ನೊಂದು ಇ-ಮೇಲಿಗೆ ಕಳಿಸುತ್ತೇವೆ ಎಂದಿತು. ಅದು ತಮ್ಮನ ಇನ್ನೊಂದು ಆಫೀಸಿನ ಖಾತೆ, ಆ ಕೆಲಸವನ್ನೂ ಅವನು ಬಿಟ್ಟಾಗಿತ್ತು. ಎರಡು ಬಾಗಿಲೂ ಮುಚ್ಚಿದ್ದವು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೊದಲ ಸಲ ಸಿಡಿಲು ಸುಟ್ಟಿತು, ಈ ಸಲ ನನ್ನ ಕೈಯಾರೆ ಕಳೆದೆನಲ್ಲಾ ಎಂದು ಹಿತ್ತಿಲ ಜಗುಲಿಯಲ್ಲಿ ಬೆಳಕು ಹರಿಯುವವರೆಗೆ ಕೂತಿದ್ದೆ.

ಬೆಳಿಗ್ಗೆ ಮಗಳಿಗೆ ಹೇಳಿದೆ. ಅವಳು ಒಂದು ನಿಮಿಷ ಸುಮ್ಮನಿದ್ದು, "ಅಪ್ಪಾಜಿ, ಡಿಸೆಂಬರಿನಲ್ಲಿ ನನ್ನ ಫೋನಿನಲ್ಲಿ ತೆರೆದಿದ್ದೆನಲ್ಲ, ಅದನ್ನ ಮುಚ್ಚೇ ಇಲ್ಲ" ಎಂದಳು. ನಾನು ಮತ್ತೆ ಪ್ರಯತ್ನಿಸಿದಾಗ ಅವಳ ಫೋನಿಗೆ 'ಇದು ನೀವೇನಾ' ಎಂಬ ಪ್ರಶ್ನೆ ಹೋಯಿತು. ಹೌದು ಎಂದು ಒತ್ತಿದಳು. ನನ್ನ ನಂಬರನ್ನು ಸೇರಿಸಿದಳು. ಭದ್ರತೆಗಾಗಿ ಏಳು ದಿನ ಕಾಯಬೇಕು ಎಂದು ಬಂತು. ಮೇ 3ರಿಂದ ಮೇ 10ರವರೆಗೆ ಕಾದೆವು. ಆಲೂಗಡ್ಡೆ ಬಿತ್ತನೆಯ ಕಾಲ ಹತ್ತಿರ ಬರುತ್ತಿತ್ತು. ಊರಿನವರೆಲ್ಲ ಜಲಂಧರದ ಬಿತ್ತನೆ ಗಡ್ಡೆಯ ರೇಟು ಮಾತಾಡುತ್ತಿದ್ದರು. ನಾನು ಹೊಲದಲ್ಲಿ ನಿಂತಿದ್ದರೂ ಮನಸ್ಸು ಆ ಪೆಟ್ಟಿಗೆಯ ಮುಂದೆ ಇತ್ತು.

ಮೇ 10, ಬಸವ ಜಯಂತಿ. ರಜೆ ಎಂದು ಮಗಳೇ ಬಂದಳು. ಹಳೆಯ ಖಾತೆಯನ್ನು ತಂತ್ರಾಂಶದಿಂದ ಅಳಿಸಿ ಮೊದಲಿನಿಂದ ಶುರು ಮಾಡಿದೆವು. ತಾರೀಖು ಸರಿಯಿದ್ದುದರಿಂದ ಈ ಸಲ ಅದೇ ವಿವರ ಹುಡುಕಿಕೊಂಡಿತು. ದೃಢೀಕರಣಕ್ಕೆ 'ಓಆತ್2' ಎಂದು ತೋರಿಸಿ, ಮೇಲ್ ಕಂಪನಿಯದೇ ಪುಟವನ್ನು ಒಂದು ಚಿಕ್ಕ ಕಿಟಕಿಯಲ್ಲಿ ತೆರೆಯಿತು. ಪಾಸ್‌ವರ್ಡ್ ಕೊಡಬೇಕಾದದ್ದು ಅಲ್ಲಿ. ಕಂಪನಿ ನಮ್ಮನ್ನು ಗುರುತಿಸಿ, ತಂತ್ರಾಂಶದ ಕೈಗೆ ಒಂದು ಅಪ್ಪಣೆ ಚೀಟಿ ಕೊಡುತ್ತದೆ. ಪಾಸ್‌ವರ್ಡ್ ತಂತ್ರಾಂಶದಲ್ಲಿ ಉಳಿಯುವುದಿಲ್ಲ. ಬೇಡವಾದಾಗ ಆ ಚೀಟಿಯೊಂದನ್ನೇ ರದ್ದು ಮಾಡಬಹುದು. ಈ ಸೌಲಭ್ಯ ಇಲ್ಲದ ಹಳೆಯ ತಂತ್ರಾಂಶ ಬಳಸುವವರಿಗೆ ಕೆಲವು ಕಂಪನಿಗಳು ಹದಿನಾರು ಅಕ್ಷರದ ಬೇರೆ ಪಾಸ್‌ವರ್ಡ್ ಕೊಡುತ್ತವೆ. ಅದಕ್ಕೆ ಮೊದಲು ಎರಡು ಹಂತದ ಪರಿಶೀಲನೆಯನ್ನು ಚಾಲೂ ಮಾಡಿಕೊಂಡಿರಬೇಕು.

ಎಡಗಡೆಯಲ್ಲಿ ಫೋಲ್ಡರುಗಳ ಹೆಸರು ಒಂದೊಂದಾಗಿ ಮೂಡಿದವು. ಕಳಿಸಿದ ಮೇಲ್‌ಗಳ ಫೋಲ್ಡರ್ ಒತ್ತಿದೆ. ಸಾಲು ಸಾಲಾಗಿ ತಮ್ಮನ ಹೆಸರು ಇಳಿಯತೊಡಗಿತು. ನಾನು ಮಾತಾಡಲಿಲ್ಲ, ಮಗಳೂ ಮಾತಾಡಲಿಲ್ಲ.

ಒಟ್ಟು 3.8 ಜಿಬಿ ಇತ್ತು. ನನ್ನ ಫೋನಿನಲ್ಲಿ ದಿನಕ್ಕೆ 1.5 ಜಿಬಿ ಮಾತ್ರ. ಮೂರು ದಿನ ಇಳಿಸಿದೆವು. ಮೇಲ್ ಬರುತ್ತಿತ್ತು, ಆದರೆ ಕಳಿಸಲು ಹೋದರೆ ಆಗುತ್ತಿರಲಿಲ್ಲ. ಹುಡುಕಿ ನೋಡಿದರೆ, ಖಾತೆಯನ್ನು ಅಳಿಸಿದರೂ ಹೊರಹೋಗುವ ಸರ್ವರಿನ ಹಳೆಯ ವಿವರ ಬೇರೆ ಪಟ್ಟಿಯಲ್ಲಿ ಉಳಿದುಕೊಂಡಿತ್ತು, ಅದೇ 'ಸಾಮಾನ್ಯ ಪಾಸ್‌ವರ್ಡ್' ಜೊತೆಗೆ. ಬರುವ ದಾರಿ, ಹೋಗುವ ದಾರಿ ಬೇರೆ ಬೇರೆ ಎಂಬುದನ್ನು ನೆನಪಿಡಬೇಕು. ಹೋಗುವ ದಾರಿಯ ಎಸ್‌ಎಂಟಿಪಿ ನಿಯಮಗಳು ಹೊರಬಂದದ್ದು 1982ರಲ್ಲಿ. ಇನ್ಸಾಟ್-1ಎ ಉಪಗ್ರಹವನ್ನು ನಿಯಂತ್ರಿಸಲು ನಮ್ಮ ಹಾಸನದಲ್ಲಿ ಇಸ್ರೋದ ಎಂಸಿಎಫ್ ಕೆಲಸ ಶುರು ಮಾಡಿದ ವರ್ಷವೂ ಅದೇ. ಪ್ರತಿ ವರ್ಷ ಮಕ್ಕಳಿಗೆ ಎಂಸಿಎಫ್ ಬಗ್ಗೆ ಪಾಠ ಹೇಳಿದ್ದೇನೆ. ಮೇಲ್ ಹೋಗುವ ದಾರಿಯ ಬಗ್ಗೆ ಒಂದು ದಿನವೂ ಹೇಳಲಿಲ್ಲವಲ್ಲ ಎಂದು ಆಗ ಅನ್ನಿಸಿತು.

ಇಳಿದದ್ದಾಯಿತು ಎಂದು ನಾನು ಏಳುವಷ್ಟರಲ್ಲಿ ಮಗಳು ತಡೆದಳು. ಒಂದು ಜಾಹೀರಾತು ಮೇಲನ್ನು ನನ್ನ ಕಂಪ್ಯೂಟರಿನಲ್ಲಿ ಅಳಿಸಿ, ತನ್ನ ಫೋನ್ ತೋರಿಸಿದಳು. ಅಲ್ಲಿಯೂ ಅದು ಹೋಗಿತ್ತು. ಕನ್ನಡಿ ಎಂದೆನಲ್ಲ, ಇದೇ ಆ ಮಾತು. ಸರ್ವರಿನಲ್ಲಿ ಖಾತೆ ಬರಿದಾದರೆ ಇಲ್ಲಿಯ ಕನ್ನಡಿಯೂ ಬರಿದಾಗುತ್ತದೆ. ಅದಕ್ಕೆ 'ಲೋಕಲ್ ಫೋಲ್ಡರ್ಸ್' ಎಂಬಲ್ಲಿ 'ಅವ್ವ' ಎಂದು ಹೊಸ ಫೋಲ್ಡರ್ ಮಾಡಿ, ಅವಳ ಕಾಗದಗಳನ್ನೂ ತಮ್ಮನ ಕಾಗದಗಳನ್ನೂ ಅದರೊಳಗೆ ನಕಲು ಮಾಡಿದೆವು. ಸ್ಥಳಾಂತರ ಮಾಡಲಿಲ್ಲ, ನಕಲನ್ನೇ ಮಾಡಿದೆವು. ಆ ಫೋಲ್ಡರಿಗೆ ಸರ್ವರಿನ ನಂಟು ಇಲ್ಲ.

2010, 2011ರ ಕಾಗದಗಳು ತೆರೆದಾಗ ಕನ್ನಡವೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ನೆತ್ತಿಯ ಮೇಲೆ ಕೊಂಬು, ಚುಕ್ಕಿ ಇಟ್ಟಂಥ ಸಾಲುಗಳು. ಆಗ ನಾನು ಬಳಸುತ್ತಿದ್ದದ್ದು ಯೂನಿಕೋಡ್ ಅಲ್ಲದ ಹಳೆಯ ಫಾಂಟು. ಫಾಂಟು ಇದ್ದ ಕಡೆ ಮಾತ್ರ ಅದು ಕನ್ನಡ. 'ನುಡಿ'ಯ ಹಳೆಯ ಫಾಂಟು ಹಾಕಿದಾಗ ಸಾಲುಗಳು ಕಣ್ಣೆದುರೇ ಕನ್ನಡವಾದವು. ಮುಂದೆ ಯಾವ ಕಂಪ್ಯೂಟರಿನಲ್ಲಿಯೂ ಓದಲು ಬರಲೆಂದು ಅವನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿ ಇಟ್ಟೆ. ಹಾಗೆ ಮೊದಲು ತೆರೆದುಕೊಂಡ ಕಾಗದ ಇದು:

"ಮಗ, ನಾವೆಲ್ಲ ಚೆನ್ನಾಗಿದೀವಿ. ರೋಹಿಣಿ ಮಳೆ ಚೆನ್ನಾಗ್ ಉಯ್ತು. ಆಲೂಗಡ್ಡೆ ಮೊಳ್ಕೆ ಎಲ್ಲಾ ಒಂದೇ ಸಮ ಬಂದವೆ. ಅಂಗಮಾರಿ ಬರ್ದೆ ಇದ್ರೆ ಸಾಕು ಅಂತ ನಿಮ್ಮಣ್ಣ ದಿನಾ ಎಲೆ ತಿರುವಿ ನೋಡ್ತಾನೆ. ಕೆಂದ ಹಸ ಈದೈತೆ, ಹೆಣ್ಗರ. ಗಿಣ್ಣು ಮಾಡ್ದೆ, ನಿನ್ ನೆನೆಸ್ಕಂಡೆ. ಅಲ್ಲಿ ಬಿಸ್ಲು ಅಂತೀಯ, ಮಜ್ಜಿಗೆ ಕುಡಿ. ಇನ್ನೇನ್ ಬರ್ಸದು, ನೀನ್ ಬಂದಾಗ ಹೇಳ್ತೀನಿ."

ಜೋರಾಗಿ ಓದಿದೆ. ಮಗಳು ಫೋನಿನಲ್ಲಿ ತಮ್ಮನಿಗೆ ಕೇಳಿಸಿದಳು. ಆ ಕಡೆ ಅವನು ಅಳುತ್ತಿದ್ದ.

ಓದುವವರಿಗೆ ನನ್ನ ಮನವಿ ಇಷ್ಟೇ. ನಿಮ್ಮ ಮನೆಯ ಖಾತೆಯಲ್ಲಿ ಯಾವ ಮೊಬೈಲ್ ನಂಬರ್ ಇದೆ ಎಂದು ಇವತ್ತೇ ನೋಡಿ. ನಿಂತುಹೋದ ನಂಬರಾದರೆ ಖಾತೆ ತೆರೆದಿರುವಾಗಲೇ ಬದಲಿಸಿ. ಬೇರೆಯವರ ಕೈಲಿ ಜೋಡಿಸಿದರೆ ಪಾಪೋ ಐಮ್ಯಾಪೋ, ಅಳಿಸಿದರೆ ಎಲ್ಲೆಲ್ಲಿ ಅಳಿಯುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಪ್ರಮಾಣಪತ್ರ ಸರಿಯಿಲ್ಲ ಎಂದರೆ ಮೊದಲು ತಾರೀಖು ನೋಡಿ. ಪಾಸ್‌ವರ್ಡ್ ತಪ್ಪು ಎಂದು ಎರಡು ಸಲ ಬಂದರೆ ಮೂರನೇ ಸಲ ಹೊಡೆಯಬೇಡಿ, ನಿಲ್ಲಿಸಿ, ಗೊತ್ತಿದ್ದವರನ್ನು ಕೇಳಿ. ಮನೆಯಲ್ಲಿ ಒಂದು ನಕಲು ಇಟ್ಟುಕೊಳ್ಳಿ, ಒಂದೇ ಡಿಸ್ಕನ್ನು ನಂಬಬೇಡಿ.

ಅವ್ವನ ಕಾಗದ ಒಟ್ಟು 187. ಈಗ ಅವು ನನ್ನ ಕಂಪ್ಯೂಟರಿನಲ್ಲಿ, ಮಗಳ ಹತ್ತಿರದ ಪೆನ್‌ಡ್ರೈವಿನಲ್ಲಿ ಇವೆ. ಹಾಸನದಲ್ಲಿ ಪ್ರಿಂಟ್ ಹಾಕಿಸಿ ತಂದ ಇನ್ನೊಂದು ಪ್ರತಿ ಅವ್ವನ ಸೀರೆ ಇಡುತ್ತಿದ್ದ ಟ್ರಂಕಿನಲ್ಲಿದೆ.